ಬೆಸುಗೆಯ ಗೆರೆ ಕಾಣಲಿ ಬಿಡಿ

ಹಳೇ ಪದ್ಮಿನಿಯನ್ನೋ ಮಾರುತಿ 800 ಅನ್ನೋ ಹೊಸದಾಗಿಸಲು ಹೊರಟವರು ಎಂಜಿನ್ ಕೆಳಗಿಳಿಸಿದ ಕೂಡಲೇ ಬಾನೆಟ್ ಒಳಗಿನ ಗೋಡೆಗಳು ಬೋಳಾಗಿ ಕಣ್ಣಿಗೆ ಬೀಳುತ್ತವೆ. ಸ್ಪಾಟ್ ವೆಲ್ಡಿಂಗಿನ ಗುಳಿಗಳು, ತಗಡಿಗೆ ತಗಡು ಕೂಡಿದ ಗೆರೆಗಳು, ಯಾವ ಕಾಲದಲ್ಲೋ ಕೊರೆದ ತೂತುಗಳು. ಎಲ್ಲಕ್ಕೂ ಪುಟ್ಟಿ ಬಳಿದು ಕನ್ನಡಿಯಂತೆ ನುಣುಪು ಮಾಡಿಬಿಡೋಣ ಎಂಬ ಆಸೆ ಹುಟ್ಟುವುದು ಆಗಲೇ. ಆಸೆ ತಪ್ಪಲ್ಲ. ಗುಳಿಗೆ ಪುಟ್ಟಿ ಹಚ್ಚಿ, ಕೂಡುಗೆರೆಗೆ ಮಾತ್ರ ಬೇಡ ಎಂಬುದಷ್ಟೇ ನನ್ನ ವಾದ.

ಎಂಜಿನ್ ಬಿಸಿಗೆ ಪುಟ್ಟಿ ಉದುರುತ್ತದೆ ಎಂದು ಹೆದರುವವರಿದ್ದಾರೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತೀರಾ ಹತ್ತಿರದ ಜಾಗ ಬಿಟ್ಟರೆ ಆ ಹೆದರಿಕೆಗೆ ಹೆಚ್ಚು ಆಧಾರವಿಲ್ಲ. ಚೆನ್ನಾಗಿ ಗಟ್ಟಿಯಾದ ಪಾಲಿಯೆಸ್ಟರ್ ಪುಟ್ಟಿ ಪೇಂಟ್ ಬೂತಿನ 60 ಡಿಗ್ರಿ ಕಾವನ್ನು ತಡೆದುಕೊಳ್ಳುತ್ತದೆ. ಅದಕ್ಕೆ ನಿಜವಾದ ಶತ್ರುಗಳು ಅಲುಗಾಟ ಮತ್ತು ನೀರು. ಮಾರುತಿ 800ರಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆ ಬಂದು ಕೂರುವ ಗೋಪುರವನ್ನೇ ನೋಡಿ. ದೊಡ್ಡಬಳ್ಳಾಪುರದ ಹಳ್ಳಿರಸ್ತೆಯ ಪ್ರತಿ ಹಂಪ್‌ನ ಏಟೂ ಮೊದಲು ತಾಗುವುದು ಅಲ್ಲಿಗೆ. ಗೋಪುರದ ತಗಡು ಪಕ್ಕದ ತಗಡಿಗೆ ಸೇರುವ ಗೆರೆ ಕೂದಲೆಳೆಯಷ್ಟು ಅಲುಗುತ್ತದೆ, ಪುಟ್ಟಿಗೋ ಬಗ್ಗುವ ಗುಣವೇ ಇಲ್ಲ. ಮೊದಲು ಬಣ್ಣದ ಮೇಲೊಂದು ಸಣ್ಣ ಸೀಳು. ಮಳೆಗಾಲದಲ್ಲಿ ನೀರು ಆ ಸೀಳಿಗೆ ಇಳಿಯುತ್ತದೆ, ಪುಟ್ಟಿಯೊಳಗಿನ ಟಾಲ್ಕ್ ಪುಡಿ ಅದನ್ನು ಹೀರುತ್ತದೆ, ಮೇಲೆ ಬಣ್ಣ ಮಿರುಗುತ್ತಿರುವಾಗಲೇ ಕೆಳಗೆ ತಗಡನ್ನು ತುಕ್ಕು ತಿನ್ನುತ್ತಿರುತ್ತದೆ. ಕಾರ್ಖಾನೆಯವರು ಆ ಗೆರೆಗೆ ರಬ್ಬರಿನಂತೆ ಹಿಗ್ಗುವ ಸೀಲರ್ ಹಚ್ಚಿದ್ದು ಸುಮ್ಮನೆ ಅಲ್ಲ. ನಾವೂ ಅದನ್ನೇ ಹಚ್ಚಿ, ಬೆರಳಿಂದ ಒಪ್ಪವಾಗಿ ತೀಡಿದರೆ ಸಾಕು.

ಗೆರೆಯನ್ನು ಉದ್ದಕ್ಕೂ ವೆಲ್ಡ್ ಮಾಡಿಸಿ, ಮೇಲೆ ತೆಳ್ಳಗೆ ಪುಟ್ಟಿ ಎಳೆದರಾಗದೇ ಎಂದು ಕೇಳಬಹುದು. ಪ್ರದರ್ಶನದ ಕಾರುಗಳಲ್ಲಿ ಹಾಗೆ ಮಾಡುತ್ತಾರೆ, ಅದು ನ್ಯಾಯವಾದ ದಾರಿಯೂ ಹೌದು. ಆದರೆ ಒಂದು ಮಿಲಿಮೀಟರಿಗೂ ತೆಳುವಾದ ತಗಡು ಕಾವಿಗೆ ಸೊಟ್ಟಗಾಗದಂತೆ ಅಷ್ಟುದ್ದ ಬೆಸುಗೆ ಹಾಕಲು ಪಳಗಿದ ಕೈ ಬೇಕು. ಸೊಟ್ಟ ತಿದ್ದಲು ಮತ್ತಷ್ಟು ಪುಟ್ಟಿ ಬಂದರೆ ಕಥೆ ಮೊದಲಿಗೇ ಬಂತು. ಮೂರು ಮಿಲಿಮೀಟರಿಗಿಂತ ದಪ್ಪ ಪುಟ್ಟಿ ಕೇಳುವ ತಗ್ಗಿಗೆ ಮದ್ದು ಸುತ್ತಿಗೆ. ಬ್ಯಾಟರಿ ತಟ್ಟೆಯ ಕೆಳಗೆ ಆಸಿಡ್ ತಿಂದ ತೂತಿಗೆ ಹೊಸ ತಗಡಿನ ತುಂಡೇ ಬೇಕು.

ಹಚ್ಚುವ ಕಡೆಯಾದರೂ ಲೆಕ್ಕ ತಪ್ಪಬಾರದು. ನೂರು ಗ್ರಾಂ ಪುಟ್ಟಿಗೆ ಸುಮಾರು ಎರಡು ಗ್ರಾಂ ಹಾರ್ಡ್ನರ್. ದೇವನಹಳ್ಳಿಯ ಡಿಸೆಂಬರ್ ಮಂಜಿನಲ್ಲಿ ಬೇಗ ಗಟ್ಟಿಯಾಗಲೆಂದು ಹೆಚ್ಚು ಹಿಂಡಿದರೆ ಅದರೊಳಗಿನ ಪೆರಾಕ್ಸೈಡ್ ಉಳಿದು ಬಣ್ಣದಲ್ಲಿ ಕಲೆಯಾಗಿ ಏಳುತ್ತದೆ. ಬಿಸಿಲು ಏರುವವರೆಗೆ ಕಾಯುವುದೇ ಮೇಲು. ನಮ್ಮ ಕಡೆ ವಾಟರ್ ಪೇಪರ್ ಹಿಡಿದು, ನೀರು ಸುರಿದು ಉಜ್ಜುವ ರೂಢಿಯಿದೆ. ಧೂಳು ಏಳದಿರಲೆಂಬ ಕಾಳಜಿ ಸರಿ, ಆದರೆ ಬರಿಯ ಪುಟ್ಟಿಗೆ ನೀರು ಕುಡಿಸಿದ ಹಾಗಾಗುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿ, 80ರ ಕಾಗದದಿಂದ ಶುರುಮಾಡಿ ಒಣದಾಗಿಯೇ ಉಜ್ಜಿ. ನೀರು ಬೇಕೆಂದರೆ ಪ್ರೈಮರ್ ಮೇಲೆ ಬಳಸಿ.

ಪುಟ್ಟಿ ತಾಗಬಾರದ ಇನ್ನೊಂದು ಜಾಗವಿದೆ. ಹಲವು ಕಾರುಗಳಲ್ಲಿ ಚಾಸಿಸ್ ನಂಬರ್ ಕೊರೆದಿರುವುದು ಇದೇ ಬಾನೆಟ್ ಒಳಗೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ದೇವನಹಳ್ಳಿಯ ಇಲ್ಲವೇ ನೆಲಮಂಗಲದ ಆರ್‌ಟಿಒ ಕಚೇರಿಗೆ ಹೋದಾಗ ಇನ್‌ಸ್ಪೆಕ್ಟರ್ ಹುಡುಕುವುದು ಆ ಅಂಕಿಗಳನ್ನು. ಅವು ಪುಟ್ಟಿಯಡಿ ಹೂತುಹೋಗಿದ್ದರೆ ಕಾರು ಎಷ್ಟು ಮಿರುಗಿದರೂ ಕಳ್ಳಮಾಲಿನ ಅನುಮಾನಕ್ಕೆ ಗುರಿ. ಪುಟ್ಟಿಯ ಡಬ್ಬಿ ತೆರೆಯುವ ಮೊದಲೇ ಅಲ್ಲಿಗೊಂದು ಗೇಣುದ್ದ ಟೇಪ್ ಅಂಟಿಸಿಬಿಡಿ.