ಪಹಣಿಯ ಕಾವಲು, ಪಹಣಿಯ ಸತ್ಯ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಭೂದಾಖಲೆಯನ್ನು ಕುರಿತು ಒಂದು ವಿಮರ್ಶೆ

1

ರಾಜ್ಯವು ಭೂಮಿಯನ್ನು ಆಳುವುದಕ್ಕೆ ಮೊದಲು ಭೂಮಿಯನ್ನು ಕುರಿತ ಬರಹವನ್ನು ಆಳಬೇಕಾಗುತ್ತದೆ. ಯಾವ ಹೊಲ ಯಾರದು, ಅದರ ವಿಸ್ತೀರ್ಣವೆಷ್ಟು, ಆಕಾರವೆಷ್ಟು, ಉಳುವವನಾರು, ಅದರ ಮೇಲಿನ ಋಣವೇನು ಎಂಬುದನ್ನೆಲ್ಲ ಒಂದು ಹಾಳೆಯ ಮೇಲೆ ನಿಲ್ಲಿಸಿದ ಬಳಿಕವೇ ಕಂದಾಯ, ಸಾಲ, ಪರಿಹಾರ, ನ್ಯಾಯ ಇವೆಲ್ಲ ನಡೆಯುತ್ತವೆ. ಆ ಹಾಳೆಯನ್ನು ಯಾರು ಬರೆಯಬೇಕು, ಯಾರು ತಿದ್ದಬಹುದು, ಯಾರು ನೋಡಬಹುದು, ತಪ್ಪು ನುಸುಳಿದರೆ ಹೊಣೆ ಯಾರದು ಎಂಬ ನಿಯಮಗಳ ಸಮೂಹಕ್ಕೆ ಈಗ 'ದತ್ತಾಂಶದ ಆಡಳಿತ' ಎಂಬ ಹೆಸರು ಬಂದಿದೆ. ಹೆಸರು ಹೊಸದು, ವಿಷಯವು ಚಾವಡಿಯಷ್ಟೇ ಹಳೆಯದು.

ಕರ್ನಾಟಕದ ಭೂದಾಖಲೆಯ ಚರಿತ್ರೆಯನ್ನು ಎರಡು ಭಾಗಗಳಾಗಿ ಹೇಳುವ ಪದ್ಧತಿ ಆಡಳಿತಶಾಸ್ತ್ರದ ಬರವಣಿಗೆಯಲ್ಲಿ ರೂಢವಾಗಿದೆ. ಕುಲಕರ್ಣಿ, ಶಾನಭೋಗ, ಗ್ರಾಮಲೆಕ್ಕಿಗರ ಕೈಬರಹದ ಕಾಲವೆಲ್ಲ ಕತ್ತಲೆ. 'ಭೂಮಿ' ಎಂಬ ಗಣಕೀಕೃತ ವ್ಯವಸ್ಥೆ ಬಂದ ಮೇಲಿನದೆಲ್ಲ ಬೆಳಕು. ಈ ಅಭಿಪ್ರಾಯದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅದು ಪೂರ್ಣ ಸಮಾಧಾನವನ್ನು ಕೊಡಲಾರದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ದೃಷ್ಟಿಯಲ್ಲಿರಿಸಿಕೊಂಡು ಆ ಅಭಿಪ್ರಾಯವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಲೇಸು: ಹೊಸ ವ್ಯವಸ್ಥೆಯು ದಾಖಲೆಯ ಕಾವಲನ್ನು ಭದ್ರಪಡಿಸಿತು; ದಾಖಲೆಯ ಸತ್ಯವನ್ನು ಭದ್ರಪಡಿಸಲಿಲ್ಲ. ಇವೆರಡನ್ನೂ ಒಂದೆಂದು ಭಾವಿಸಿದ್ದರಿಂದ ಆಗಿರುವ ನಷ್ಟವನ್ನು ಹೊರುತ್ತಿರುವವನು ಒಕ್ಕಲಿಗ.

2

ಈ ಭಾಗದಲ್ಲಿ ಇಂದಿಗೂ ಪಹಣಿಯನ್ನು ಜನರು 'ಉತಾರ' ಎನ್ನುತ್ತಾರೆ. ಗ್ರಾಮಲೆಕ್ಕಿಗನನ್ನು 'ತಲಾಠಿ' ಎಂದು ಕರೆಯುವವರು ಇನ್ನೂ ಇದ್ದಾರೆ. ಹಕ್ಕು ಬದಲಾವಣೆಗೆ 'ವರದಿ' ಎಂಬ ಮಾತು ಬಳಕೆಯಲ್ಲಿದೆ. ಈ ಪದಗಳು ಮುಂಬಯಿ ಪ್ರಾಂತದ ಆಡಳಿತದ ಉಳಿಕೆಗಳು. ಮುಂಬಯಿ ಪದ್ಧತಿಯ ಭೂಮಾಪನವು 1835-36ರ ಸುಮಾರಿಗೆ ಪುಣೆ ಸೀಮೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳಿಂದ ರೂಪುಗೊಂಡು, 1847ರ ಜಂಟಿ ವರದಿಯಲ್ಲಿ ನಿಯಮಬದ್ಧವಾಗಿ, ಮುಂದೆ ದಕ್ಷಿಣದ ಕನ್ನಡ ಜಿಲ್ಲೆಗಳಿಗೂ ಹರಡಿತು. ಹೊಲಕ್ಕೊಂದು ಸರ್ವೇ ನಂಬರು, ಮಣ್ಣಿಗೊಂದು ಆಣೆವಾರಿ ದರ್ಜೆ, ಮೂವತ್ತು ವರ್ಷಕ್ಕೊಮ್ಮೆ ಪುನರ್ವಿಮರ್ಶೆ ಎಂಬುದು ಅದರ ತಿರುಳು. ಆದರೆ ಅದು ಕಂದಾಯ ಕೊಡುವವನನ್ನು ಗುರುತಿಸುವ ದಾಖಲೆಯೇ ಹೊರತು ಹಕ್ಕುಳ್ಳವರನ್ನೆಲ್ಲ ಗುರುತಿಸುವ ದಾಖಲೆಯಾಗಿರಲಿಲ್ಲ. ಹಕ್ಕುದಾಖಲೆಯೆಂಬ ಪ್ರತ್ಯೇಕ ಪುಸ್ತಕವು ಮುಂಬಯಿಯ 1903ರ ಶಾಸನದಿಂದ ಹುಟ್ಟಿತು. 1913ರಲ್ಲಿ ಅದನ್ನು 1879ರ ಭೂಕಂದಾಯ ಸಂಹಿತೆಯೊಳಗೆ ಸೇರಿಸಲಾಯಿತು.

ಆ ನಿಯಮಗಳಲ್ಲಿ ಒಂದಂಶ ಗಮನಾರ್ಹವಾದುದು. ಹಕ್ಕು ಬದಲಾವಣೆಯ ನಮೂದನ್ನು ಬರೆದ ಕೂಡಲೆ ಅದರ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಬೇಕು. ಸಂಬಂಧಪಟ್ಟವರಿಗೆ ತಿಳಿವಳಿಕೆ ಕೊಡಬೇಕು. ತಕರಾರು ಬಂದರೆ ಅದನ್ನು ಬೇರೊಂದು ಪುಸ್ತಕದಲ್ಲಿ ಬರೆದು ವಿಚಾರಣೆ ನಡೆಸಬೇಕು. ಇದನ್ನು ಅನಂತರದ ಕರ್ನಾಟಕ ಭೂಕಂದಾಯ ಅಧಿನಿಯಮವೂ (1964) ತನ್ನ 129ನೆಯ ಪ್ರಕರಣದಲ್ಲಿ ಉಳಿಸಿಕೊಂಡಿದೆ. ಬರಹದ ಸತ್ಯಕ್ಕೆ ಊರಿನ ನೆನಪು ಸಾಕ್ಷಿಯಾಗಲೆಂಬುದೇ ಇದರ ಆಶಯ.

ಹಾಗೆಂದು ಹಳೆಯ ಕಾಲವನ್ನು ಹೊಗಳಲು ಹೊರಟರೆ ಇತಿಹಾಸಕ್ಕೆ ದ್ರೋಹವಾದೀತು. ಬಹುಕಾಲ ಲೆಕ್ಕಪತ್ರಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದವು. ಕನ್ನಡ ಮಾತಾಡುವ ಒಕ್ಕಲಿಗನು ತನ್ನ ಹೊಲದ ಬರಹವನ್ನು ತಾನು ಓದಲಾರದವನಾಗಿದ್ದನು. ಬರೆಯುವ ಅಧಿಕಾರ ವಂಶಪಾರಂಪರ್ಯವಾದ ವತನವಾಗಿತ್ತು. ದಫ್ತರವು ಅನೇಕ ಕಡೆ ಕುಲಕರ್ಣಿಯ ಮನೆಯಲ್ಲಿಯೇ ಇರುತ್ತಿತ್ತು. 1950ರ ಮುಂಬಯಿ ಶಾಸನದಂತೆ 1951ರ ಮೇ 1ರಂದು ಕುಲಕರ್ಣಿ ವತನಗಳು ರದ್ದಾದವು. ಸರಕಾರವು ಪ್ರಜೆಯಿಂದ ಕಾಗದವನ್ನು ಕೇಳಿದಾಗ ಏನಾಗಬಹುದೆಂಬುದಕ್ಕೂ ಈ ಸೀಮೆ ಸಾಕ್ಷಿಯಾಗಿದೆ. 1852ರ ಶಾಸನದಿಂದ ಬಲಗೊಂಡ ಇನಾಮು ಆಯೋಗವು ಸನದುಗಳನ್ನು ತೋರಿಸಿರೆಂದು ಕೇಳಿತು. ಅನುಭೋಗವಿದ್ದೂ ಪತ್ರವಿಲ್ಲದವರು ಭೂಮಿಯನ್ನು ಕಳೆದುಕೊಂಡರು. 1858ರ ನರಗುಂದದ ಬಂಡಾಯಕ್ಕೆ ಪೂರ್ವಭಾವಿಯಾಗಿದ್ದ ಅಸಮಾಧಾನದಲ್ಲಿ ಇದೂ ಒಂದು ಎಳೆ.

3

ಇಷ್ಟನ್ನು ನೆನೆದ ಮೇಲೆ 'ಭೂಮಿ' ಯೋಜನೆಯ ಗುಣವನ್ನು ಒಪ್ಪದೆ ಇರುವುದು ಸಾಧ್ಯವಿಲ್ಲ. ರಾಜ್ಯದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ಸುಮಾರು 67 ಲಕ್ಷ ಖಾತೆದಾರರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. 2002ರ ಹೊತ್ತಿಗೆ ಈ ವ್ಯವಸ್ಥೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ಮುಟ್ಟಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಅಂದಿನ 15 ರೂಪಾಯಿ ಶುಲ್ಕ ತೆತ್ತ ಯಾರಿಗಾದರೂ ಕಿಟಕಿಯಲ್ಲಿ ಪ್ರತಿ ದೊರೆಯಿತು. ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕಾಯಿತು. ಬೆರಳಚ್ಚು ಕೊಡದೆ ಯಾವ ನೌಕರನೂ ದಾಖಲೆಯೊಳಗೆ ಪ್ರವೇಶಿಸುವಂತಿರಲಿಲ್ಲ; ಯಾರು ಯಾವಾಗ ಏನು ಮಾಡಿದರೆಂಬ ಗುರುತು ಉಳಿಯಿತು. ಹಾಳೆಯನ್ನು ಹರಿಯುವುದು, ಅಂಕಿಯ ಮೇಲೆ ಅಂಕಿ ತೀಡುವುದು, ಒಂದು ಪ್ರತಿಗಾಗಿ ತಿಂಗಳುಗಟ್ಟಲೆ ಅಲೆಸುವುದು, ಇವು ಬಹುಮಟ್ಟಿಗೆ ನಿಂತವು. ಇದು ಸಣ್ಣ ಸಾಧನೆಯಲ್ಲ.

ಆದರೆ ಪೆಟ್ಟಿಗೆಗೆ ಒಳ್ಳೆಯ ಬೀಗ ಹಾಕುವುದು ಬೇರೆ. ಪೆಟ್ಟಿಗೆಯೊಳಗೆ ಏನಿದೆಯೆಂದು ನೋಡುವುದು ಬೇರೆ. ಗಣಕಕ್ಕೆ ಏರಿದುದು ಹೊಲವಲ್ಲ, ಹೊಲವನ್ನು ಕುರಿತು ಆಗ ಇದ್ದ ಕೈಬರಹ. ಅಳತೆಯ ನಕ್ಷೆಗಳು, ಹಿಸ್ಸಾಗಳ ದುರಸ್ತಿ, ತೀರಿಕೊಂಡವರ ವಾರಸುದಾರಿಕೆ ಇವೆಲ್ಲವನ್ನು ಹೊಸದಾಗಿ ವಿಚಾರಿಸಿ ಬರೆದ ದಾಖಲೆ ಅದಲ್ಲ. ಹಳೆಯ ತಪ್ಪು ಹಳೆಯ ಹಾಳೆಯಲ್ಲಿದ್ದಾಗ ಸಂಶಯಾಸ್ಪದವಾಗಿತ್ತು. ಅಚ್ಚಾಗಿ ಹೊರಬಂದಾಗ ಗೌರವಾರ್ಹವಾಯಿತು.

ಇದಕ್ಕೊಂದು ಉದಾಹರಣೆಯನ್ನು ನಮ್ಮ ಬಳಗದಿಂದಲೇ ಕೊಡಬಹುದು. ಹಿರಿಯರೊಬ್ಬರ ಹೆಸರಿನ ಕೊನೆಯಲ್ಲಿ ಬರುವ 'ಪ್ಪ' ಎಂಬುದು ಅಚ್ಚಿನ ಉತಾರದಲ್ಲಿ 'ವ್ವ' ಎಂದಾಗಿತ್ತು. ಕೈಬರಹದಲ್ಲಿ ಈ ಎರಡು ಅಕ್ಷರಗಳಿಗೆ ಇರುವ ಅಂತರ ಎಷ್ಟೆಂಬುದನ್ನು ಹಸ್ತಪ್ರತಿಗಳನ್ನು ಓದಿದವರೆಲ್ಲ ಬಲ್ಲರು. ಊರಿನಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಹೊಲವೂ ಅವರದೇ, ಬೆಳೆಯೂ ಅವರದೇ. ಆದರೆ ಸಾಲಕ್ಕೆ ಹೋದಾಗ, ದಾಖಲೆಯಲ್ಲಿ ಇರುವವಳು ಒಬ್ಬ ಹೆಂಗಸು, ಬಂದಿರುವವನು ಒಬ್ಬ ಗಂಡಸು ಎಂಬ ಆಕ್ಷೇಪಣೆ ಬಂತು. ತಿದ್ದುಪಡಿಗೆ ಪ್ರಮಾಣಪತ್ರ ಬೇಕು, ಮೂಲ ಕೈಬರಹದ ಹಾಳೆಯ ನಕಲು ಬೇಕು ಎಂದರು. ಆ ಹಾಳೆಯನ್ನು ಹುಡುಕಿಸುವುದರಲ್ಲಿಯೇ ಎರಡು ಸುಗ್ಗಿಗಳು ಕಳೆದವು. ಅಷ್ಟರಲ್ಲಿ ಆ ಹಿರಿಯರು ತೀರಿಕೊಂಡರು. ದಾಖಲೆಯಲ್ಲಿಲ್ಲದ ಗಂಡಸಿನ ಮಕ್ಕಳು ದಾಖಲೆಯಲ್ಲಿರುವ ಹೆಂಗಸಿನ ವಾರಸುದಾರರೆಂದು ಸಿದ್ಧಪಡಿಸುವ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ತಪ್ಪನ್ನು ಮಾಡಿದ ಕೈ ಯಾವುದೆಂದು ಯಾರೂ ಕೇಳಲಿಲ್ಲ. ಸರಿಯೆಂದು ತೋರಿಸುವ ಹೊರೆ ಮಾತ್ರ ಮನೆಯವರ ಮೇಲೆ ಬಿತ್ತು.

ಈ ಹೊರೆಯ ಮೂಲ ಕಾನೂನಿನಲ್ಲಿಯೇ ಇದೆ. 1964ರ ಅಧಿನಿಯಮದ 133ನೆಯ ಪ್ರಕರಣದಂತೆ ಹಕ್ಕುದಾಖಲೆಯ ನಮೂದನ್ನು, ವಿರುದ್ಧವಾದುದು ಸಿದ್ಧವಾಗುವವರೆಗೆ, ಸತ್ಯವೆಂದೇ ಭಾವಿಸತಕ್ಕದ್ದು. ಪಹಣಿಯ ನಮೂದು ಒಡೆತನವನ್ನು ಕೊಡುವುದಿಲ್ಲವೆಂದು ನ್ಯಾಯಾಲಯಗಳು ಅನೇಕ ಸಲ ಹೇಳಿವೆ. ಆದರೂ ನಿತ್ಯವ್ಯವಹಾರದಲ್ಲಿ ಬ್ಯಾಂಕಿಗೂ ಕಚೇರಿಗೂ ಪಹಣಿಯೇ ಒಡೆತನ. ಹೀಗೆ ಒಂದು ಭಾವನೆಯ ಮೇಲೆ ಇಡೀ ಗ್ರಾಮಜೀವನದ ಭಾರ ಬಿದ್ದಿದೆ.

4

ಪಹಣಿಯ ಹನ್ನೆರಡನೆಯ ಅಂಕಣವನ್ನು ಈಗ ಪರಿಶೀಲಿಸಬಹುದು. ಇದರಲ್ಲಿ ಉಳುವವನ ಹೆಸರನ್ನೂ ಬೆಳೆಯನ್ನೂ ಬರೆಯುತ್ತಾರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾದಾಗ, ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿ ನ್ಯಾಯಮಂಡಲಿಯ ಮುಂದೆ ನಿಂತಾಗ, ಅವನ ಮುಖ್ಯ ಸಾಕ್ಷಿ ಈ ಅಂಕಣವಾಗಿತ್ತು. ಅಲ್ಲಿ ಹೆಸರಿದ್ದವನಿಗೆ ಹೊಲ ದೊರೆಯುವ ದಾರಿಯಿತ್ತು. ಹೆಸರಿಲ್ಲದವನು ಊರವರ ಬಾಯಿಸಾಕ್ಷಿಯನ್ನು ನಂಬಬೇಕಾಯಿತು. ಒಂದು ಅಂಕಣದ ಬರಹ ಒಂದು ಮನೆತನದ ಗತಿಯನ್ನು ನಿರ್ಣಯಿಸಿತು.

ಆ ಅನುಭವದಿಂದ ಹೊಲದ ಒಡೆಯರು ಕಲಿತ ಪಾಠ ಬೇರೆಯೇ ಆಗಿತ್ತು: ಉಳುವವನ ಹೆಸರನ್ನು ಎಂದಿಗೂ ಬರೆಯಗೊಡಬಾರದು. ಘಟಪ್ರಭೆಯ ಕಾಲುವೆಯ ನೀರುಂಡು ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಲಾವಣಿಗೆ ಹೊಲ ಹಿಡಿಯುವುದು, ಪಾಲಿಗೆ ಮಾಡುವುದು ಇಂದಿಗೂ ಉಂಟು. ಕಾಗದದಲ್ಲಿ ಮಾತ್ರ ಇಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಉಕ್ಕಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ತೀರದ ಬೆಳೆಗಳನ್ನು ಮುಳುಗಿಸಿದವು. ಬೆಳೆನಷ್ಟದ ಪರಿಹಾರವು ಪಹಣಿಯನ್ನು ಆಧರಿಸಿ ಖಾತೆದಾರನ ಬ್ಯಾಂಕ್ ಖಾತೆಗೆ ನೇರವಾಗಿ ಸೇರುವ ಪದ್ಧತಿ ಅಷ್ಟರಲ್ಲಿ ನೆಲೆಗೊಂಡಿತ್ತು. ಮಧ್ಯವರ್ತಿಯನ್ನು ದೂರವಿಟ್ಟ ದೃಷ್ಟಿಯಿಂದ ಇದು ಶ್ಲಾಘ್ಯವೇ. ಆದರೆ ಬೀಜ ಗೊಬ್ಬರಗಳಿಗೆ ಸಾಲ ಮಾಡಿ ಲಾವಣಿಗೆ ಹಿಡಿದವನು ದಾಖಲೆಯ ದೃಷ್ಟಿಯಲ್ಲಿ ಏನನ್ನೂ ಕಳೆದುಕೊಂಡಿರಲಿಲ್ಲ. ಏಕೆಂದರೆ ಅವನು ದಾಖಲೆಯಲ್ಲಿ ಇರಲೇ ಇಲ್ಲ. ದೋಷವು ಗಣಕದ್ದಲ್ಲ. ಆದರೆ ಗಣಕವು ಈ ಮೌನವನ್ನು ಪೂರ್ಣವಾಗಿಸಿತು; ಊರಿಗೆ ಬಂದು ಕಣ್ಣಾರೆ ಕಂಡ ತಲಾಠಿಯೊಬ್ಬನು ಪಂಚನಾಮೆಯಲ್ಲಿ ಬರೆಯಬಹುದಾಗಿದ್ದ ಒಂದು ಸಾಲಿಗೆ ಅದರಲ್ಲಿ ಸ್ಥಳವಿಲ್ಲ.

ಹನ್ನೊಂದನೆಯ ಅಂಕಣದ ಕತೆ ಇದಕ್ಕೆ ವಿರುದ್ಧ. ಅಲ್ಲಿ ಹೊಲದ ಮೇಲಿನ ಋಣವನ್ನು, ಈ ಭಾಗದ ಮಾತಿನಲ್ಲಿ 'ಬೋಜಾ'ವನ್ನು, ಬರೆಯುತ್ತಾರೆ. ಚಾವಡಿಯ ಗೋಡೆಗೆ ಅಂಟಿಸಿದ ಕಾಗದವನ್ನು ನೋಡುವವರು ಊರವರು. ನೋಡುವುದರ ಉದ್ದೇಶ ತಕರಾರಿಗೆ ಅವಕಾಶ ಕೊಡುವುದು. ಈಗಲಾದರೋ ಸರ್ವೇ ನಂಬರನ್ನು ಬಲ್ಲವನು ಎಲ್ಲಿಯೇ ಕುಳಿತಿರಲಿ, ಯಾವ ಒಕ್ಕಲಿಗನು ಯಾವ ಸಂಘಕ್ಕೆ ಎಷ್ಟು ಸಾಲಗಾರನೆಂಬುದನ್ನು ಅಂತರ್ಜಾಲದಲ್ಲಿ ನೋಡಬಲ್ಲನು. ಹೊಲವನ್ನು ಅಗ್ಗಕ್ಕೆ ಕೇಳಲು ಹೊಂಚುವ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಸೂಚಿ ಬೇಕಿಲ್ಲ. 2023ರಲ್ಲಿ ವ್ಯಕ್ತಿಗತ ದತ್ತಾಂಶದ ರಕ್ಷಣೆಗೆ ಕೇಂದ್ರ ಶಾಸನವೊಂದು ಅಂಗೀಕೃತವಾಯಿತು. ಭೂದಾಖಲೆಯ ಬಹಿರಂಗತೆಗೂ ಒಕ್ಕಲಿಗನ ಮಾನಕ್ಕೂ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಈಗಲಾದರೂ ಗಂಭೀರವಾದ ಚರ್ಚೆಗೆ ಯೋಗ್ಯವಾದ ವಿಷಯ. ಬರೆಯಬೇಕಾದುದನ್ನು ಬರೆಯದೆ, ಮರೆಯಲ್ಲಿಡಬೇಕಾದುದನ್ನು ಬಯಲಿಗಿಡುವ ದಾಖಲೆಯನ್ನು ಸುವ್ಯವಸ್ಥಿತವೆನ್ನುವುದು ಕಷ್ಟ.

5

ಕೊನೆಯದಾಗಿ, ಮೂಡಲಗಿ ತಾಲ್ಲೂಕು ಒಂದು ವಿಶೇಷ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಇತ್ತೀಚಿನವರೆಗೆ ಅದು ಗೋಕಾಕದ ಅಂಗವಾಗಿತ್ತು. ತಾಲ್ಲೂಕುಗಳು ಒಡೆಯುವುದು ಹೊಸದೇನಲ್ಲ: 1884ರ ಬೆಳಗಾವಿ ಗ್ಯಾಝೆಟಿಯರನ್ನು ತೆರೆದರೆ ಹುಕ್ಕೇರಿ ಪ್ರತ್ಯೇಕ ತಾಲ್ಲೂಕಾಗಿ ಕಾಣುವುದಿಲ್ಲ, ಚಿಕ್ಕೋಡಿಯೊಳಗೆ ಅಡಗಿದೆ. ಆದ್ದರಿಂದ ಹುಕ್ಕೇರಿಯ ಒಂದು ಗ್ರಾಮದ ಹಳೆಯ ಚರಿತ್ರೆಯನ್ನು ಬರೆಯುವವನು ಚಿಕ್ಕೋಡಿಯ ಹೆಸರಿನ ಕಡತಗಳನ್ನು ಹುಡುಕಬೇಕು; ಮುಂದೆ ಮೂಡಲಗಿಯದನ್ನು ಬರೆಯುವವನು ಗೋಕಾಕದ ಹೆಸರಿನವನ್ನು ಹುಡುಕಬೇಕಾದೀತು. ಗಣಕದಲ್ಲಿ ಗ್ರಾಮವನ್ನು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ವರ್ಗಾಯಿಸುವುದು ಸುಲಭ. ಆದರೆ ಆ ಗ್ರಾಮದ ನೂರು ವರ್ಷದ ವರದಿಪುಸ್ತಕಗಳು, ಅಳತೆಯ ಟಿಪ್ಪಣಿಗಳು, ನ್ಯಾಯಮಂಡಲಿಯ ಕಡತಗಳು ಯಾವ ಕಪಾಟಿನಲ್ಲಿ ಉಳಿದವು, ಯಾವ ಪಟ್ಟಿಯಲ್ಲಿ ಸೇರಿದವು ಎಂಬುದನ್ನು ಬರೆದಿಡದಿದ್ದರೆ, ನಮೂದಿಗೂ ಅದರ ಆಧಾರಕ್ಕೂ ಇರುವ ಸಂಬಂಧ ಕಡಿದುಹೋಗುತ್ತದೆ. ಆಧಾರವಿಲ್ಲದ ನಮೂದನ್ನು ಇತಿಹಾಸಕಾರನು ಒಪ್ಪುವುದಿಲ್ಲ, ನ್ಯಾಯಾಧೀಶನೂ ಒಪ್ಪಬಾರದು.

ತಾಲ್ಲೂಕು ಕಚೇರಿಗಳ ಮೂಲ ಕಡತಗಳನ್ನು ಛಾಯಾಪ್ರತಿ ಮಾಡಿ ರಕ್ಷಿಸುವ 'ಭೂ ಸುರಕ್ಷಾ' ಯೋಜನೆಯನ್ನು ರಾಜ್ಯವು 2024ರಲ್ಲಿ ಕೈಗೊಂಡಿದೆ. ಇದು ಸ್ವಾಗತಾರ್ಹ. ಭೂಮಿ ಯೋಜನೆ ಮೊದಲೇ ಮಾಡಬೇಕಾಗಿದ್ದ ಕೆಲಸವೆಂದೂ ಹೇಳಬೇಕು. ಆದರೆ ಛಾಯಾಪ್ರತಿಯಷ್ಟೇ ಸಾಲದು. ಪ್ರತಿಯೊಂದು ನಮೂದಿನ ಎದುರಿಗೆ ಅದು ಯಾವ ಹಾಳೆಯಿಂದ ಬಂದಿತೆಂಬುದು ಕಾಣಬೇಕು. ಮೋಡಿ ಓದಬಲ್ಲವರು ವಿರಳವಾಗುತ್ತಿರುವ ಈ ಕಾಲದಲ್ಲಿ ಆ ಹಾಳೆಗಳ ಕನ್ನಡ ಸೂಚಿ ಸಿದ್ಧವಾಗಬೇಕು. ಇದರಲ್ಲಿ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಕೈಜೋಡಿಸದಿದ್ದರೆ ಮತ್ತಾರು ಜೋಡಿಸಿಯಾರು? ಎಲ್ಲಕ್ಕೂ ಮಿಗಿಲಾಗಿ, ನಕಲು ಮಾಡುವಾಗ ಸರಕಾರದ ಕಡೆಯಿಂದಲೇ ಆದ ತಪ್ಪನ್ನು ಸರಕಾರವೇ, ತನ್ನ ವೆಚ್ಚದಲ್ಲಿ, ಗೊತ್ತಾದ ಅವಧಿಯೊಳಗೆ ತಿದ್ದುವ ಹೊಣೆಯನ್ನು ಹೊರಬೇಕು. 'ಪ್ಪ'ವನ್ನು 'ವ್ವ' ಮಾಡಿದವರು 'ವ್ವ'ವನ್ನು 'ಪ್ಪ' ಮಾಡಿಕೊಡುವುದು ಉಪಕಾರವಲ್ಲ, ಋಣ.

ಕುಲಕರ್ಣಿಯ ದಫ್ತರದಿಂದ ತಾಲ್ಲೂಕಿನ ಗಣಕಕ್ಕೆ ಬರಹವು ದೂರದ ಪ್ರಯಾಣ ಮಾಡಿದೆ. ಕುಲಕರ್ಣಿಯು ಅನ್ಯಾಯ ಮಾಡಿದರೆ ಅವನ ಮನೆಯ ಬಾಗಿಲು ಯಾವುದೆಂದು ಒಕ್ಕಲಿಗನಿಗೆ ಗೊತ್ತಿತ್ತು. ಇಂದಿನ ವ್ಯವಸ್ಥೆಯು ಕುಲಕರ್ಣಿಗಿಂತ ಪ್ರಾಮಾಣಿಕವಾಗಿದೆಯೆಂದು ನಾವು ಒಪ್ಪುತ್ತೇವೆ. ತಪ್ಪಾದಾಗ ತಟ್ಟಲು ಅದಕ್ಕೂ ಒಂದು ಬಾಗಿಲಿರಬೇಕು ಎಂಬುದಷ್ಟೇ ನಮ್ಮ ವಿನಂತಿ.