ಅಳತೆಗೆ ಅಂಕವಿಲ್ಲದ ಮೇಳ

ದಕ್ಷಿಣ ಭಾರತ ವಿಜ್ಞಾನಮೇಳಕ್ಕೆ ನಮ್ಮ ಶಾಲೆಗಳಲ್ಲಿರುವ ಪ್ರತಿಷ್ಠೆ ಸಾಮಾನ್ಯವಾದುದಲ್ಲ. ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿಗಳಿಂದ ಬಂದ ಮಕ್ಕಳ ಸಾಲಿನಲ್ಲಿ ತಾನೂ ಒಂದು ಮೇಜನ್ನು ಪಡೆದು ನಿಂತ ಹುಡುಗನ ಭಾವಚಿತ್ರ ಊರಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ; ವಾರ್ಷಿಕೋತ್ಸವದ ದಿನ ಅವನಿಗೆ ಶಾಲು ಹೊದಿಸುತ್ತಾರೆ; ಮುಖ್ಯ ಅತಿಥಿಗಳು ಅವನನ್ನು ಭಾವೀ ವಿಜ್ಞಾನಿಯೆಂದು ಕರೆದು ಹರಸುತ್ತಾರೆ. ಮಗುವಿಗೆ ಸಲ್ಲುವ ಗೌರವಕ್ಕೆ ಅಡ್ಡಿಯೆನ್ನುವವರು ಯಾರೂ ಇಲ್ಲ. ಆದರೆ ಇಂಥ ಮೇಳಗಳು ಮಕ್ಕಳಲ್ಲಿ ವೈಜ್ಞಾನಿಕ ಬುದ್ಧಿಯನ್ನು ಬೆಳೆಸುತ್ತವೆಂಬ, ಭಾಷಣದಿಂದ ಭಾಷಣಕ್ಕೆ ಪರೀಕ್ಷೆಯಿಲ್ಲದೆ ಸಾಗಿಬಂದಿರುವ ಮಾತನ್ನು ಈಗಲಾದರೂ ಒರೆಗೆ ಹಚ್ಚಿ ನೋಡಬೇಕಾಗಿದೆ. ನೋಡಿದರೆ, ಮೇಳಕ್ಕೆ ಬಂದಿರುವ ಕೀರ್ತಿ ಅದು ಮಾಡುತ್ತಿರುವ ಕೆಲಸಕ್ಕಿಂತ ಬಹಳ ದೊಡ್ಡದೆಂದು ಒಪ್ಪದೆ ಗತ್ಯಂತರವಿಲ್ಲ.

1971ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ರಾಷ್ಟ್ರೀಯ ಮಕ್ಕಳ ವಿಜ್ಞಾನ ಪ್ರದರ್ಶನದಿಂದ ಈಚಿನ ಕಥೆಯೂ, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ದಕ್ಷಿಣದ ಮೇಳಕ್ಕೆ ಆಧಾರವಾಗಿ ನಿಂತಿರುವುದೂ ಶಿಕ್ಷಕರಾದ ಓದುಗರಿಗೆ ತಿಳಿದ ಸಂಗತಿಗಳೇ ಆದುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನೇರವಾಗಿ ಒಂದು ಮೇಜಿನ ಮುಂದೆ ಹೋಗಿ ನಿಲ್ಲೋಣ.

ಮೇಜಿನ ಮೇಲೆ ಜಲವಿದ್ಯುದಾಗಾರದ ಮಾದರಿಯಿದೆ. ಶಾಲೆಯ ಪ್ರದರ್ಶನದಿಂದ ಮೇಲಣ ಮಟ್ಟದವರೆಗೆ ಇದನ್ನು ನೋಡದವರಿಲ್ಲ. ಥರ್ಮಕೋಲಿನಲ್ಲಿ ಕೊರೆದ ಅಣೆಕಟ್ಟು, ಹಸಿರು ಬಳಿದ ಮರದ ಹೊಟ್ಟಿನ ಗುಡ್ಡ, ಪ್ಲಾಸ್ಟಿಕ್ಕಿನ ಒಂದು ಚಕ್ರ, ಅದಕ್ಕೆ ಜೋಡಿಸಿದ ಆಟಿಕೆಯ ಮೋಟಾರು, ಕಂಬಗಳ ಮೇಲೆ ಎಳೆದ ತಂತಿ, ತಂತಿಯ ಕೊನೆಯಲ್ಲಿ ಒಂದು ಎಲ್‌ಇಡಿ ದೀಪ. ಹುಡುಗ ಮೇಲಿನಿಂದ ಒಂದು ಚೊಂಬು ನೀರು ಸುರಿಯುತ್ತಾನೆ, ಚಕ್ರ ತಿರುಗುತ್ತದೆ, ದೀಪ ಹೊತ್ತುತ್ತದೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಹಲಗೆಯ ಅಡಿಯಲ್ಲಿ ಕೈಯಾಡಿಸಿದರೆ, ಎಷ್ಟೋ ವೇಳೆ, ಟೇಪು ಸುತ್ತಿ ಅಂಟಿಸಿದ ಬ್ಯಾಟರಿಯೊಂದು ಸಿಕ್ಕುತ್ತದೆ. ದೀಪವನ್ನು ಉರಿಸಿದ್ದು ಅದು.

ಇಲ್ಲಿ ನಡೆದಿರುವ ನಷ್ಟ ಎಂಥದೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಸೆಕೆಂಡಿಗೆ 1 ಲೀಟರಿನಂತೆ 1 ಮೀಟರು ಎತ್ತರದಿಂದ ಬೀಳುವ ನೀರಿನಿಂದ ದೊರೆಯಬಹುದಾದ ಗರಿಷ್ಠ ಸಾಮರ್ಥ್ಯ 9.8 ವಾಟ್. ಅರ್ಧ ಲೀಟರಿನ ಚೊಂಬನ್ನು 10 ಸೆಕೆಂಡುಗಳಲ್ಲಿ ಅರ್ಧ ಮೀಟರು ಎತ್ತರದಿಂದ ಖಾಲಿ ಮಾಡಿದರೆ ದೊರೆಯುವುದು ಕಾಲು ವಾಟಿಗೂ ತುಸು ಕಡಮೆ. ಸಾಧಾರಣವಾದ ಒಂದು ಎಲ್‌ಇಡಿ ಚೆನ್ನಾಗಿ ಬೆಳಗಲು ಬೇಕಾದುದು ಸುಮಾರು 0.06 ವಾಟ್. ಎಂದರೆ, ಬೀಳುವ ನೀರಿನ ಸಾಮರ್ಥ್ಯದಲ್ಲಿ ಕಾಲು ಪಾಲನ್ನು ಚಕ್ರವೂ ಮೋಟಾರೂ ಸೇರಿ ವಿದ್ಯುತ್ತಾಗಿ ಪರಿವರ್ತಿಸಬಲ್ಲವೆ ಎಂಬ ನಿಜವಾದ, ಕಠಿನವಾದ, ಹದಿನಾಲ್ಕು ವರ್ಷದ ಹುಡುಗನ ಕೈಗೆ ಎಟುಕುವಂಥ ಪ್ರಶ್ನೆಯೊಂದು ಆ ಮೇಜಿನ ಮೇಲೆಯೇ ಇತ್ತು. ಅಲಗುಗಳ ಸಂಖ್ಯೆಯನ್ನು ಬದಲಿಸಿ, ನೀರು ತಾಗುವ ಕೋನವನ್ನು ಬದಲಿಸಿ, ಪ್ರತಿ ಸಲವೂ ಮಲ್ಟಿಮೀಟರಿನಲ್ಲಿ ಬಂದ ಅಂಕಿಯನ್ನು ಬರೆದಿಟ್ಟು, ಮಂಕಾದ ಬೆಳಕೊಂದನ್ನಾದರೂ ಸಾಧಿಸಿದ್ದರೆ, ಅಥವಾ ಸಾಧಿಸಲಾರದೆ ಏಕೆ ಸಾಧ್ಯವಾಗಲಿಲ್ಲವೆಂದು ತೋರಿಸಿದ್ದರೆ, ಆ ಹುಡುಗ ಎಂಜಿನಿಯರಿಂಗಿನ ಹೊಸಿಲನ್ನು ದಾಟಿರುತ್ತಿದ್ದನು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ ವಿಶ್ವೇಶ್ವರಯ್ಯನವರ ಖ್ಯಾತಿ ನಿಂತಿರುವುದು ನೀರಿನ ಮಟ್ಟ, ಒತ್ತಡ, ತೂಕಗಳ ಇಂಥ ಲೆಕ್ಕದ ಮೇಲೆಯೇ. ಹುಡುಗ ಬ್ಯಾಟರಿ ಅಂಟಿಸಿದ್ದು ದುಷ್ಟತನದಿಂದಲ್ಲ. ದೀಪ ಉರಿಯಲೇಬೇಕೆಂದು, ಉರಿದರೆ ಸಾಕೆಂದು, ಹೇಗೆ ಉರಿಯಿತೆಂದು ಯಾರೂ ಅಳೆಯುವುದಿಲ್ಲವೆಂದು ನಾವೇ ಅವನಿಗೆ ಕಲಿಸಿದ್ದೇವೆ.

ಎಲ್ಲಿ ಕಲಿಸಿದೆವು? ತೀರ್ಪುಗಾರರ ಕೈಯಲ್ಲಿರುವ ಅಂಕಪಟ್ಟಿಯಲ್ಲಿ. ರಾಷ್ಟ್ರೀಯ ಪ್ರದರ್ಶನಕ್ಕೂ ಅದರ ಕೆಳಗಿನ ಹಂತಗಳಿಗೂ ಎನ್‌ಸಿಇಆರ್‌ಟಿ ಸಂಸ್ಥೆ ಹೊರಡಿಸುತ್ತ ಬಂದಿರುವ ಮಾರ್ಗಸೂಚಿಯನ್ನು ಸಾವಧಾನವಾಗಿ ಓದಬೇಕು. ಪ್ರಾದೇಶಿಕ ಮೇಳಕ್ಕೆ ಬರುವ ಮಕ್ಕಳೂ ಶಿಕ್ಷಕರೂ ಬೆಳೆದುಬಂದಿರುವುದು ಈ ಮಾರ್ಗಸೂಚಿಯ ವಾತಾವರಣದಲ್ಲಿಯೇ. ಮಕ್ಕಳ ಸ್ವಂತ ಸೃಜನಶೀಲತೆಗೂ ಕಲ್ಪನೆಗೂ ಶೇಕಡಾ 20. ಸ್ವಂತಿಕೆ ಮತ್ತು ನಾವೀನ್ಯಕ್ಕೆ 15. ವೈಜ್ಞಾನಿಕ ಚಿಂತನೆ, ತತ್ತ್ವ, ಮಾರ್ಗಗಳಿಗೆ 15. ತಾಂತ್ರಿಕ ಕೌಶಲ ಮತ್ತು ಕೈಗೆಲಸಕ್ಕೆ 15. ಉಪಯುಕ್ತತೆ ಹಾಗೂ ಶೈಕ್ಷಣಿಕ ಮೌಲ್ಯಕ್ಕೆ 15. ಅಲ್ಪ ವೆಚ್ಚ, ಸಾಗಣೆಯ ಸೌಕರ್ಯ, ಬಾಳಿಕೆಗಳಿಗೆ 10. ಪ್ರಾತ್ಯಕ್ಷಿಕೆ, ವಿವರಣೆ, ಜೋಡಣೆಗಳಿಗೆ 10. ಒಂದೊಂದಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅನುಚಿತವೆನ್ನುವಂತಿಲ್ಲ. ಒಟ್ಟಾಗಿ ನೋಡಿದರೆ ಮಾತ್ರ, ಅಳತೆ ಎಂಬ ಪದ ಇಡೀ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲವೆಂಬುದು ಕಣ್ಣಿಗೆ ಬೀಳುತ್ತದೆ.

ವೈಜ್ಞಾನಿಕ ಚಿಂತನೆಯೆಂಬ ಮೂರನೆಯ ಬಾಬಿನಲ್ಲಿ ಅಳತೆಯೂ ಅಡಕವಾಗಿದೆಯೆಂದು ವಾದಿಸುವವರಿದ್ದಾರೆ. ಅಡಕವಾಗಿದ್ದರೂ ಅದು 15ರಲ್ಲಿ ಒಂದು ಪಾಲು. ಮತ್ತು ಅಲ್ಲಿಯೇ ನಿಂತಿರುವ ತತ್ತ್ವವೆಂಬ ಮಾತನ್ನು ಪಠ್ಯಪುಸ್ತಕದಿಂದ ಬಾಯಿಪಾಠ ಮಾಡಿ ಒಪ್ಪಿಸಿದರೆ ಆ ಪಾಲೂ ಅಳತೆಯಿಲ್ಲದೆಯೇ ದಕ್ಕುತ್ತದೆ. ಇನ್ನೊಂದು ಕಡೆಯಲ್ಲಿ ಕೈಗೆಲಸ, ಸಾಗಣೆ, ಬಾಳಿಕೆ, ಜೋಡಣೆ, ವಿವರಣೆಗಳೆಲ್ಲ ಸೇರಿ 35 ಅಂಕಗಳನ್ನು ತೆಗೆದುಕೊಳ್ಳುತ್ತವೆ. ಸೃಜನಶೀಲತೆ ಮತ್ತು ನಾವೀನ್ಯಗಳಿಗೆಂದು ಮೀಸಲಾದ ಮತ್ತೊಂದು 35ನ್ನು, ಒಂದು ಮೇಜಿನ ಮುಂದೆ ಕೆಲವೇ ನಿಮಿಷ ನಿಲ್ಲಬಲ್ಲ ತೀರ್ಪುಗಾರನು ಕಣ್ಣಿಗೆ ಹೊಳೆದದ್ದನ್ನು ನೋಡಿ ಕೊಡಬೇಕಲ್ಲದೆ ಬೇರೆ ದಾರಿಯಿಲ್ಲ. ಈ ಪಟ್ಟಿಯ ಮೂಲದೋಷವಿರುವುದು ಇಲ್ಲಿ: ಮೇಜಿನ ಮೇಲೆ ಇಟ್ಟುದನ್ನು ಮಾತ್ರ ಅದು ಕಾಣಬಲ್ಲದು. ಮಾದರಿಯು ಸ್ಥಳದಲ್ಲಿ ಇರತಕ್ಕ ವಸ್ತು. ಪ್ರಯೋಗವು ಕಾಲದಲ್ಲಿ ನಡೆಯತಕ್ಕ ಕ್ರಿಯೆ. ವಾರಗಟ್ಟಲೆ ಮನೆಯ ಹಿತ್ತಿಲಿನಲ್ಲಿ ನಡೆದುದನ್ನು ಮೇಜಿಗೆ ಹೊತ್ತು ತರುವಂತಿಲ್ಲ. ಅದರ ಪೈಕಿ ಮೇಳಕ್ಕೆ ಬರಬಲ್ಲುದು ದಿನಚರಿಯ ಪುಸ್ತಕವೊಂದೇ. ಆ ಪುಸ್ತಕವನ್ನು ಓದುವ ಕೆಲಸಕ್ಕೆ ಪಟ್ಟಿಯಲ್ಲಿ ಒಂದು ಅಂಕವೂ ಇಲ್ಲ.

1950ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಆರಂಭವಾಗಿ ಇಂದು ಅಂತರರಾಷ್ಟ್ರೀಯವಾಗಿರುವ ಅಮೆರಿಕದ ವಿಜ್ಞಾನ ಹಾಗೂ ಎಂಜಿನಿಯರಿಂಗ್ ಮೇಳದ ಅಂಕಪಟ್ಟಿಯೊಡನೆ ಹೋಲಿಸಿದರೆ ಅಂತರ ಸ್ಪಷ್ಟವಾಗುತ್ತದೆ. ಅಲ್ಲಿ ಪ್ರಶ್ನೆಗೆ 10, ವಿಧಾನಕ್ಕೆ 15, ದತ್ತಾಂಶ ಸಂಗ್ರಹ, ವಿಶ್ಲೇಷಣೆ, ವ್ಯಾಖ್ಯಾನಗಳಿಗೆ 20, ಭಿತ್ತಿಪಟಕ್ಕೆ 10 ಮಾತ್ರ, ಸಂದರ್ಶನಕ್ಕೆ 25. ಎಂಜಿನಿಯರಿಂಗಿನ ಯೋಜನೆಗಳಿಗೆ ಪ್ರತ್ಯೇಕವಾದ ಮಾನದಂಡವುಂಟು. ದೊಡ್ಡ ಪ್ರಯೋಗಾಲಯಗಳ ನೆರವು ಪಡೆದ ಮಕ್ಕಳಿಗೆ ಆ ಮೇಳ ಒಲಿಯುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಅದನ್ನು ಇಲ್ಲಿ ನಕಲು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಪ್ರಶ್ನೆ, ವಿಧಾನ, ದತ್ತಾಂಶಗಳಿಗೆ 45 ಅಂಕ ಕೊಡುವ ಪಟ್ಟಿಯೂ ಅವುಗಳ ಹೆಸರನ್ನೇ ಎತ್ತದ ಪಟ್ಟಿಯೂ ಮಕ್ಕಳನ್ನು ಒಂದೇ ದಾರಿಯಲ್ಲಿ ನಡೆಸಲಾರವು.

ಜಿಲ್ಲಾಮಟ್ಟದ ಪ್ರದರ್ಶನವೊಂದರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಮೇಜಿನ ಮೇಲೆ ಎರಡು ಮಣ್ಣಿನ ಗಡಿಗೆಗಳನ್ನು ಕಂಡೆ. ಒಂದು ಕುಂಬಾರನ ಮನೆಯಿಂದ ಬಂದಂತೆಯೇ ಇತ್ತು. ಇನ್ನೊಂದರ ಹೊರಮೈಗೆ ಎಣ್ಣೆಬಣ್ಣ ಬಳಿದಿತ್ತು. ಎರಡಕ್ಕೂ ಸಮನಾಗಿ ನೀರು ತುಂಬಿ, ನೆರಳಿನಲ್ಲಿಟ್ಟು, ದಿನಕ್ಕೆ ಮೂರು ಹೊತ್ತು ಉಷ್ಣಮಾಪಕ ಅದ್ದಿ ನೋಡಿ, ಗೆರೆ ಎಳೆದ ನೋಟುಪುಸ್ತಕದಲ್ಲಿ ಅವಳು ಬರೆದಿಟ್ಟಿದ್ದಳು. ಬಳಿಯದ ಗಡಿಗೆಯ ನೀರು ಮಧ್ಯಾಹ್ನಗಳಲ್ಲಿ ತಂಪಾಗಿಯೇ ಇರುತ್ತಿತ್ತು. ಆದರೆ ಒಂದು ದಿನದ ಅಂಕಿಗಳ ಎದುರಿಗೆ, ಆ ದಿನ ಬೆಳಗಿನಿಂದ ಜಿಟಿಜಿಟಿ ಮಳೆಯೆಂದೂ, ಎರಡೂ ಗಡಿಗೆಗಳು ಸಮನಾಗಿದ್ದವೆಂದೂ, ಕಾರಣ ತನಗೆ ತಿಳಿಯಲಿಲ್ಲವೆಂದೂ ಬರೆದಿದ್ದಳು. ವಿಜ್ಞಾನದ ಆರಂಭವೆಂಬುದು ಆ ಸಾಲಿನಲ್ಲಿತ್ತು. ಗಾಳಿ ತೇವದಿಂದ ತುಂಬಿದಾಗ ಗಡಿಗೆಯ ಮೈಯಿಂದ ನೀರು ಆವಿಯಾಗಲಾರದು. ಆವಿಯಾಗದಿದ್ದರೆ ತಂಪೂ ಇಲ್ಲ. ಬೇಸಿಗೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹೊರಗಿನ ಶಾಖ ಒಳಗೆ ಬಾರದೆಂದಿಟ್ಟುಕೊಂಡರೆ, ಐದು ಲೀಟರು ನೀರನ್ನು 5 ಡಿಗ್ರಿ ಸೆಲ್ಸಿಯಸ್ ತಣಿಸಲು 43 ಗ್ರಾಂ ನೀರು ಹಾರಿಹೋದರೆ ಸಾಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಪರೀಕ್ಷಿಸಬಹುದಾದ ಮಾತಿದು. ತನ್ನ ಊಹೆಗೆ ವಿರುದ್ಧವಾಗಿ ನಿಂತ ದಿನವನ್ನು ಅಳಿಸಿಹಾಕದೆ ಉಳಿಸಿದ ಆ ಹುಡುಗಿಗೆ, ಅಲ್ಲಿಂದ ಈ ಲೆಕ್ಕಕ್ಕೆ ಒಂದೇ ಹೆಜ್ಜೆ ಬಾಕಿಯಿತ್ತು. ತೀರ್ಪುಗಾರರು ಪುಸ್ತಕವನ್ನು ತೆರೆಯಲಿಲ್ಲ. ಇದರಿಂದ ಸಮಾಜಕ್ಕೆ ಏನಮ್ಮ ಉಪಯೋಗ ಎಂದು ಕೇಳಿದರು, ಅವಳು ತಡವರಿಸಿದಳು, ಅವರು ಮುಂದಿನ ಮೇಜಿಗೆ ನಡೆದರು. ಅವರು ಕೆಟ್ಟವರಲ್ಲ; ಪಟ್ಟಿಯಲ್ಲಿದ್ದ ಪ್ರಶ್ನೆಯನ್ನೇ ಕೇಳಿದ್ದರು.

ಈ ಮೇಳಗಳನ್ನು ಟೀಕಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಆದರೆ ಅವರ ಟೀಕೆ ರೋಗವನ್ನು ಬಿಟ್ಟು ಅದರ ಲಕ್ಷಣಗಳ ಮೇಲೆ ಹರಿಯುತ್ತಿದೆಯೆಂಬುದೇ ನನ್ನ ತಕರಾರು. ಮಾದರಿಗಳನ್ನು ತಂದೆತಾಯಿಗಳು ಮಾಡಿಕೊಡುತ್ತಾರೆ, ಅಂಗಡಿಯಲ್ಲಿ ಸಿದ್ಧಮಾದರಿಗಳು ಬಿಕರಿಯಾಗುತ್ತವೆ, ಇದು ಮಕ್ಕಳ ಮೇಳವೇ ಅಲ್ಲ ಎಂದು ಒಂದು ಪಂಗಡದವರು ಗೋಳಾಡುತ್ತಾರೆ. ನಿಜ, ಬಿಕರಿಯಾಗುತ್ತವೆ. ಆದರೆ ಅಂಗಡಿಯವನು ಮಾರಬಲ್ಲುದು ಮಾದರಿಯನ್ನು. ಮೂರು ವಾರಗಳ ಅಳತೆಯನ್ನಲ್ಲ. ಅಳತೆಗೆ ಅಂಕವಿಟ್ಟ ದಿನ ಅವನ ವ್ಯಾಪಾರ ತಾನಾಗಿ ನಿಲ್ಲುತ್ತದೆ. ಇಡದಿದ್ದರೆ, ಎಷ್ಟೇ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿಕೊಂಡರೂ ನಿಲ್ಲುವುದಿಲ್ಲ. ತಂದೆಯ ಕೈಗೆಲಸವನ್ನು ಶಂಕಿಸುವ ಈ ವಿಮರ್ಶಕರು, ಮಗುವಿನ ಕೈಗೆಲಸಕ್ಕೇ 15 ಅಂಕ ಇಟ್ಟಿರುವುದನ್ನು ಏಕೆ ಪ್ರಶ್ನಿಸಲಿಲ್ಲ?

ಇನ್ನೊಂದು ಪಂಗಡದವರು ಸ್ಪರ್ಧೆಯನ್ನೇ ತೆಗೆದುಹಾಕಿರಿ, ಎಲ್ಲರಿಗೂ ಸಮಾನವಾದ ಪದಕ ಕೊಡಿರಿ ಎನ್ನುತ್ತಾರೆ. ಈ ಮಾತಿನ ಹಿಂದಿರುವ ಕರುಣೆ ಮೆಚ್ಚತಕ್ಕದ್ದು. ವಿವೇಕ ಮಾತ್ರ ಸಾಲದು. ತೀರ್ಪೇ ಇಲ್ಲದ ಕಡೆ ಗಡಿಗೆಯ ಹುಡುಗಿಗೂ ಬ್ಯಾಟರಿಯ ಹುಡುಗನಿಗೂ ಭೇದವಿಲ್ಲವೆಂದಾಗುತ್ತದೆ, ಅದು ಇಬ್ಬರಿಗೂ ಅನ್ಯಾಯ. ವಿಜ್ಞಾನದಲ್ಲಿ ತೀರ್ಪು ಉಂಟು, ಅದೂ ನಿಷ್ಠುರವಾದದ್ದು. ಮಕ್ಕಳಿಗೆ ನಾವು ಕೊಡಬೇಕಾದುದು ಅದರ ಎಳೆಯ ರೂಪವನ್ನು. ಮೂರನೆಯ ಪಂಗಡವೊಂದು ಈಚೆಗೆ ಬಲವಾಗಿದೆ: ಮೇಳದಿಂದ ಮಾರುಕಟ್ಟೆಗೆ ಹೋಗುವ ಹೊಸ ವಸ್ತುಗಳು ಹುಟ್ಟಬೇಕು, ಮಕ್ಕಳು ಉದ್ಯಮಿಗಳಾಗಬೇಕು ಎಂಬುದು ಇವರ ಒತ್ತಾಯ. ಹದಿಮೂರರ ವಯಸ್ಸಿನ ಕುತೂಹಲಕ್ಕೆ ಲಾಭದ ನೊಗ ಹೂಡಬೇಕೆನ್ನುವ ಈ ಅವಸರವನ್ನು ನಾನು ಎಳ್ಳಷ್ಟೂ ಒಪ್ಪಲಾರೆ. ಉಪಯೋಗವು ಅರಿವಿನ ಹಿಂದೆ ಬರುತ್ತದೆ. ಅರಿವಿಗೆ ಮೊದಲೇ ಉಪಯೋಗವನ್ನು ಕೇಳಿದರೆ ಮಗು ಎರಡನ್ನೂ ಕಟ್ಟುಕಥೆಯಾಗಿ ಹೇಳುವುದನ್ನು ಕಲಿಯುತ್ತದೆ.

ಇಷ್ಟೆಲ್ಲ ಗದ್ದಲದ ನಡುವೆ, ಮೇಳದ ಹತ್ತನೆಯ ಒಂದು ಪಾಲು ಕೀರ್ತಿಯೂ ಇಲ್ಲದೆ ನಡೆದುಬಂದಿರುವ ಸಂಸ್ಥೆಯೊಂದುಂಟು. 1993ರಿಂದ ನಡೆಯುತ್ತಿರುವ, ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಶ್ರಮದಿಂದ ಹಳ್ಳಿಹಳ್ಳಿಗೆ ತಲಪಿದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವದು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಯೊಂದನ್ನು ಆರಿಸಿಕೊಂಡು, ಸಮೀಕ್ಷೆ ಮಾಡಿ, ಅಳೆದು, ತಮ್ಮ ಭಾಷೆಯಲ್ಲಿ ವರದಿ ಬರೆದು ಮಂಡಿಸಬೇಕೆಂಬುದು ಅದರ ನಿಯಮ. ಮಣ್ಣು, ಶಕ್ತಿ, ಹವಾಮಾನ ಇತ್ಯಾದಿ ವಿಷಯಗಳ ಸುತ್ತ ಅಲ್ಲಿ ಕನ್ನಡದ ಮಕ್ಕಳು ಕನ್ನಡದಲ್ಲಿ ಯೋಚಿಸಿದ್ದಾರೆ. ಅಲ್ಲಿಯೂ ಒಬ್ಬರ ವರದಿಯನ್ನು ಇನ್ನೊಬ್ಬರು ನಕಲು ಮಾಡುವುದುಂಟು, ಶಿಕ್ಷಕರೇ ತೀರ್ಮಾನಗಳನ್ನು ಬರೆಸುವುದುಂಟು. ಅದು ನಿರ್ದೋಷವೆಂದು ಯಾರೂ ಹೇಳರು. ಆದರೂ ಅಲ್ಲಿ ಮಗುವಿನ ಕೈಯಲ್ಲಿರುವುದು ಥರ್ಮಕೋಲಲ್ಲ, ಬರೆದ ಪುಟ, ಪುಟವನ್ನು ಪ್ರಶ್ನಿಸಬಹುದು. ಇಂಥ ಸಮಾವೇಶಕ್ಕೆ ಪತ್ರಿಕೆಗಳು ಎರಡು ಸಾಲು ಕೊಟ್ಟು, ಮಿನುಗುವ ಮಾದರಿಗೆ ಅರ್ಧ ಪುಟ ಕೊಡುವುದು ನಮ್ಮ ವಿಮರ್ಶಾಶಕ್ತಿಯ ದಾರಿದ್ರ್ಯವನ್ನು ತೋರಿಸುತ್ತದೆ.

ಮೇಳದಿಂದ ಆಗುವ ಒಳ್ಳೆಯದನ್ನು ಮರೆಮಾಚುವುದು ಸಲ್ಲದು. ಊರು ಬಿಟ್ಟು ಹೋಗದಿದ್ದ ಮಗು ಆರು ನಾಡುಗಳ ಮಕ್ಕಳನ್ನು ಕಾಣುತ್ತದೆ. ಅಪರಿಚಿತರ ಮುಂದೆ ಧೈರ್ಯವಾಗಿ ಮಾತನಾಡುತ್ತದೆ. ಶಿಕ್ಷಕರಿಗೂ ತಮ್ಮ ಸಾಧನಗಳನ್ನು ತೋರಿಸಲು ಪ್ರತ್ಯೇಕ ವಿಭಾಗವಿದೆ. ಇವು ಶಿಬಿರದಿಂದಲೂ ಪ್ರವಾಸದಿಂದಲೂ ದೊರೆಯಬಹುದಾದ ಲಾಭಗಳು; ವಿಜ್ಞಾನದ ಹೆಸರನ್ನು ಹೊತ್ತ ಮೇಳದಿಂದ ಅದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ನಮಗಿದೆ.

ಮಾಡಬೇಕಾದುದು ದುಬಾರಿಯೂ ಅಲ್ಲ, ದುಸ್ಸಾಧ್ಯವೂ ಅಲ್ಲ. ಮೇಳಕ್ಕೆ ಬರುವ ಪ್ರತಿಯೊಂದು ಯೋಜನೆಯ ದಿನಚರಿಯನ್ನು ತೀರ್ಪುಗಾರರು ಹಿಂದಿನ ದಿನವೇ ಓದಿರತಕ್ಕದ್ದು. ನೂರರಲ್ಲಿ 40 ಅಂಕಗಳು ಅದಕ್ಕೇ ಮೀಸಲಾಗಿರತಕ್ಕದ್ದು. ವಿಜ್ಞಾನಕ್ಕೊಂದು, ಎಂಜಿನಿಯರಿಂಗಿಗೊಂದು ಬೇರೆ ಬೇರೆ ಪಟ್ಟಿಗಳಿರತಕ್ಕದ್ದು. ಜೋಡಣೆಗೂ ಸಾಗಣೆಗೂ ಇಟ್ಟಿರುವ ಅಂಕಗಳನ್ನು ತೆಗೆದುಬಿಡತಕ್ಕದ್ದು. ತೀರ್ಪುಗಾರನು ಮಗುವಿಗೆ ಮೊದಲು ಕೇಳಬೇಕಾದ ಪ್ರಶ್ನೆ, ನಿನ್ನ ಎಣಿಕೆ ತಪ್ಪಿದ್ದು ಯಾವ ದಿನ, ಆಗ ನೀನು ಏನು ಮಾಡಿದೆ ಎಂಬುದು. ಇಷ್ಟನ್ನು ಮಾಡುವವರೆಗೆ ಈ ಮೇಳವನ್ನು ಮಕ್ಕಳ ಕರಕುಶಲ ಪ್ರದರ್ಶನವೆಂದು ಗೌರವಿಸೋಣ. ವಿಜ್ಞಾನದ ಮೇಳವೆಂಬ ಬಿರುದನ್ನು ಅದು ಇನ್ನೂ ಸಂಪಾದಿಸಬೇಕಾಗಿದೆ.