ಬಣ್ಣ ಯಾರ ಕನಸಿನದು? ‘ಲೂಸಿಯಾ’ದ ನಗು ಮತ್ತು ಖ್ಯಾತಿ

ಕಲ್ಲೂರಿನಿಂದ ಮಾತಾಡ್ತಿದ್ದೇನೆ, ನೆಟ್‌ವರ್ಕ್ ಕೈಕೊಟ್ಟರೆ ಕ್ಷಮಿಸಿ. ನಾನು ತಗೊಂಡಿರೋದು ಪವನ್ ಕುಮಾರ್ ಅವರ ‘ಲೂಸಿಯಾ’ (2013). ನೂರಕ್ಕೂ ಹೆಚ್ಚು ಪ್ರೇಕ್ಷಕರೇ ಸುಮಾರು 50 ಲಕ್ಷ ರೂಪಾಯಿ ಹಾಕಿ ಮಾಡಿಸಿದ ಚಿತ್ರ.

ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿ (ಸತೀಶ್ ನೀನಾಸಂ) ನಿದ್ದೆಗಾಗಿ ಮಾತ್ರೆ ನುಂಗಿ, ಕನಸಿನಲ್ಲಿ ಸಿನಿಮಾ ಸ್ಟಾರ್ ಆಗುತ್ತಾನೆ. ಅವನ ಬದುಕು ಬಣ್ಣದಲ್ಲಿದೆ, ಸ್ಟಾರ್‌ನದು ಕಪ್ಪು-ಬಿಳುಪಿನಲ್ಲಿ. ಕೊನೆಗೆ ಗೊತ್ತಾಗುತ್ತೆ: ಸ್ಟಾರ್ ನಿಖಿಲನೇ ನಿಜ, ನಿಕ್ಕಿ ಅವನ ಕನಸು.

ಇದನ್ನು ಖ್ಯಾತಿಯ ವಿಮರ್ಶೆ ಅಂತ ಓದಬಹುದು. ನನ್ನ ತಕರಾರು ಇಲ್ಲೇ ಇದೆ. ನಿಕ್ಕಿಯ ಬಡತನ ಅಷ್ಟು ಚೆಂದ ಕಾಣೋದು ಅದು ಸಿರಿವಂತನೊಬ್ಬ ಕಂಡ ಕನಸಾದ್ದರಿಂದ. ಪಿಜ್ಜಾ ಅಂಗಡಿಯ ಶ್ವೇತಾಳ ಎದುರು ಇಂಗ್ಲಿಷ್ ಬಾರದೆ ಅವನು ಒದ್ದಾಡುವಾಗ ನಾವು ನಗ್ತೇವೆ. ಮಲಯಾಳದ ಊರಲ್ಲಿ ಕನ್ನಡ ಓದುವ ನನಗೆ ಭಾಷೆಯ ಆ ಒದ್ದಾಟ ಗೊತ್ತು. ನಿಖಿಲನಿಗೆ ಅದರಿಂದ ಎಚ್ಚರವಾಗುತ್ತೆ, ನಿಜವಾಗಿ ಸೀಟು ತೋರಿಸುವವನಿಗೆ ಆಗಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಈ ಸ್ಟಾರ್ ಕನಸಿನಲ್ಲೂ ಪ್ರೇಕ್ಷಕರನ್ನು ಬಿಟ್ಟು ಹೋಗಲ್ಲ, ಅವರಿಗೆ ಟಾರ್ಚ್ ಹಿಡಿಯುತ್ತಾನೆ. ಪ್ರೇಕ್ಷಕರ ದುಡ್ಡಲ್ಲೇ ಆದ ಚಿತ್ರಕ್ಕೆ ಆ ಋಣ ನೆನಪಿದೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.